ಕಬ್ಬಿಣ ತಿನ್ನುವ ಮಕರ

ಗೆಳೆಯರೇ, ಇವತ್ತು ಹಳೇಬೀಡಿನ ಗುಡಿಯಲ್ಲಿ ಗೈಡ್ ಒಬ್ಬರಿಂದ ಬೈಸಿಕೊಂಡೆ.

ಜೊತೆಗಿದ್ದವನು ಯೋಗೇಶ. ಇದೇ ಊರಿನಲ್ಲಿ ನನ್ನೊಂದಿಗೆ ಬೆಳೆದವನು, ಈಗ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಚಿಕ್ಕವರಿದ್ದಾಗ ನಮಗೊಂದು ವಿದೇಶಿ ಆಟದ ಹಳೆಯ ಪುಸ್ತಕ ಸಿಕ್ಕಿತ್ತು. ದಾಳ ಉರುಳಿಸಿ ವಿಚಿತ್ರ ಪ್ರಾಣಿಗಳೊಡನೆ ಕಾದಾಡುವ ಆಟ. ಚಿತ್ರದ ಹಾಳೆಗಳು ಹರಿದುಹೋಗಿದ್ದರಿಂದ ಪ್ರಾಣಿಗಳನ್ನು ಗುಡಿಯ ಗೋಡೆಯಿಂದಲೇ ಆರಿಸಿಕೊಂಡಿದ್ದೆವು. ಆ ಆಟದಲ್ಲಿ ಕಬ್ಬಿಣ ತಿನ್ನುವ ಪ್ರಾಣಿಯೊಂದಿತ್ತು; ನಮಗೆ ಅದು ಗೋಡೆಯ ಮಕರ. ಅದರ ಮುಂದೆ ಹಾಯುವಾಗ ಮೈಮೇಲಿನ ಕಬ್ಬಿಣವನ್ನೆಲ್ಲ ಬಚ್ಚಿಡಬೇಕು.

ಇವತ್ತು ಯೋಗೇಶ ಪುಸ್ತಕದಲ್ಲಿದ್ದ ಆ ಪ್ರಾಣಿಯ ಅಸಲಿ ಚಿತ್ರವನ್ನು ಫೋನಿನಲ್ಲಿ ತೋರಿಸಿದ. "ನೋಡೇ, ಬರೀ ಜಿರಳೆ ಥರ ಐತೆ."

ನಾನು ಫೋನು ಬಿಟ್ಟು ಗೋಡೆಯ ಮಕರದತ್ತ ತಿರುಗಿದೆ. ಪಕ್ಕದಲ್ಲಿ ಗೈಡ್ ಪ್ರವಾಸಿಗರಿಗೆ ಮಕರ ತೋರಿಸಿ, "ಮೊಸಳೆ ಬಾಯಿ, ಆನೆ ಸೊಂಡಿಲು, ನವಿಲಿನ ಬಾಲ" ಎನ್ನುತ್ತಿದ್ದರು.

"ಕಬ್ಬಿಣನೂ ತಿನ್ನುತ್ತೆ," ಎಂದುಬಿಟ್ಟೆ.

"ಇಲ್ಲದ್ದೆಲ್ಲ ಹೇಳ್ಬೇಡಿ ಮೇಡಂ, ಇವರು ನಂಬ್ಕೊಂಡ್ಬಿಡ್ತಾರೆ."

ಯಾರಾದರೂ ನಂಬಲಿ ಎಂಬುದೇ ನನ್ನ ಆಸೆಯಾಗಿತ್ತು. ಹೊರಡುವಾಗ ಮಕರದ ಮುಂದೆ ಯೋಗೇಶ ಕೈಯಲ್ಲಿದ್ದ ಬೈಕ್ ಕೀಯನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿದ. ನಾನೂ ಸೆರಗಿನ ಪಿನ್ನು ಬಿಚ್ಚಿ ಬ್ಯಾಗಿಗೆ ಹಾಕಿದೆ.

ಆಟ ಮುಗಿದದ್ದನ್ನು ಮಕರಕ್ಕೆ ನಾವಿನ್ನೂ ಹೇಳಿಲ್ಲ, ಅಷ್ಟೇ.