ಕನ್ನಡಕದ ಕೆಳಗಿನ ಅರ್ಧ

ಅಂಪೈರು ತಾನು ಕೊಟ್ಟ ತೀರ್ಪನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಅದಕ್ಕೊಂದು ಸನ್ನೆ ಇದೆ. ಬಲಗೈ ಎಡ ಹೆಗಲಿಗೆ, ಎಡಗೈ ಬಲ ಹೆಗಲಿಗೆ. ಟೀವಿಯಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಆ ಭಾನುವಾರ ನನ್ನ ಯಜಮಾನರು ಮೈದಾನದ ನಡುವೆ ಒಬ್ಬರೇ ನಿಂತು ಎರಡೂ ಕೈ ಎದೆಯ ಮೇಲೆ ಅಡ್ಡ ತಂದಾಗ, ಶಾಮಿಯಾನದ ಪಕ್ಕದ ಗುಂಪಿನಿಂದ ಯಾರೋ ತಮಿಳಿನಲ್ಲಿ ಕೂಗಿದರು: "ಸಾರ್, ಅಪ್ಪಡಿಯೇ ತೋಪ್ಪುಕರಣಂ ಪೋಡುಂಗ." ಹಾಗೇ ಕಿವಿ ಹಿಡಿದುಕೊಂಡು ಗಣಪತಿಯ ಮುಂದೆ ಹೊಡೆಯುವಂತೆ ಬಸ್ಕಿ ಹೊಡೆದುಬಿಡಿ ಅಂತ. ಸುತ್ತ ಇದ್ದವರೆಲ್ಲ ನಕ್ಕರು. ನಾನು ತೊಡೆಯ ಮೇಲಿದ್ದ ಊಟದ ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ. ನಾನು ಅವರ ಹೆಂಡತಿ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಮನೆಯ ಬಾಗಿಲಲ್ಲಿ ಕೂತು ಬಿಳಿ ಶೂ ಕಟ್ಟಿಕೊಳ್ಳುವಾಗ, ತಲೆ ಎತ್ತದೆ ಹೇಳಿದ್ದರು.

"ಇವತ್ತೂ ಹಂಗೇ ಆದ್ರೆ ಸಾಕು ಕಣೇ. ಇನ್ನು ನಿಲ್ಲಲ್ಲ."

ಅಂಪೈರುಗಳು 'ನಿಲ್ಲೋದು' ಅಂತಲೇ ಅನ್ನುತ್ತಾರೆ. ಈ ವಾರ ಎಲ್ಲಿ ನಿಲ್ಲುತ್ತೀರಿ, ಯಾರ ಜೊತೆ ನಿಲ್ಲುತ್ತೀರಿ. ಇಲ್ಲೇ ಹತ್ತಿರದ ಮಣಲಿಯ ಕಾರ್ಖಾನೆಯಲ್ಲಿ ವಾರವೆಲ್ಲ ದುಡಿದು, ಭಾನುವಾರ ಸುಡುಬಿಸಿಲಲ್ಲಿ ಇವರು ನಿಂತದ್ದು ನನ್ನ ಮದುವೆಗಿಂತಲೂ ಹಳೆಯ ಅಭ್ಯಾಸ. ಕೆಲಸದಿಂದ ನಿವೃತ್ತರಾದ ಮೇಲಂತೂ ಆ ಒಂದು ದಿನಕ್ಕಾಗಿಯೇ ಉಳಿದ ಆರು ದಿನ ಕಳೆಯುತ್ತಿದ್ದರು. ಶನಿವಾರ ಪ್ಯಾಂಟು ಇಸ್ತ್ರಿಯಾಗಬೇಕು. ಭಾನುವಾರ ಹಣೆಗೆ ವಿಭೂತಿ ಎಂದಿಗಿಂತ ಅಗಲವಾಗಿ ಬೀಳಬೇಕು. ಅವರ ಅಂಪೈರ್ ಟೋಪಿ ಗೂಟದಿಂದ ಇಳಿಯದೇ ಹೋದರೆ ನಮ್ಮ ಮನೆಯ ವಾರ ಹೇಗಿರುತ್ತದೆ ಎಂದು ನನಗೆ ಊಹಿಸಲು ಆಗುತ್ತಿರಲಿಲ್ಲ.

ಅವರು ಹೇಳಿದ 'ಹಂಗೇ' ಏನೆಂದರೆ, ಲೀಗಿನ ಸಮಿತಿಯವರು ಈ ಸೀಸನ್ನಿಗೆ ಚೆಂಡಿನ ಜಾಡು ಹಿಡಿಯುವ ಏರ್ಪಾಟೊಂದನ್ನು ತಂದಿದ್ದರು. ದೊಡ್ಡ ಪಂದ್ಯಗಳಲ್ಲಿ ಇರುವಂಥ ಹತ್ತಾರು ಕ್ಯಾಮೆರಾ ಅಲ್ಲ. ಎರಡೂ ತುದಿಯಲ್ಲಿ ಮುಕ್ಕಾಲಿಯ ಮೇಲೆ ಒಂದೊಂದು ಫೋನು, ಶಾಮಿಯಾನದ ಕೆಳಗೆ ಒಂದು ಲ್ಯಾಪ್‌ಟಾಪು. ಬ್ಯಾಟ್ಸ್‌ಮನ್ನಿನ ಕಾಲಿಗೆ ಚೆಂಡು ಬಡಿದಾಗ, ಕಾಲು ಅಡ್ಡ ಇರದಿದ್ದರೆ ಅದು ಸ್ಟಂಪಿಗೆ ತಗಲುತ್ತಿತ್ತೇ ಎಂದು ಗೆರೆ ಎಳೆದು ತೋರಿಸುತ್ತದೆ. ಅಂಪೈರು ಕೊಟ್ಟ ತೀರ್ಪು ಸರಿಯಲ್ಲವೆನಿಸಿದರೆ ನಾಯಕನೋ ಬ್ಯಾಟ್ಸ್‌ಮನ್ನೋ ಕೈಯಲ್ಲಿ ಸನ್ನೆ ಮಾಡಿ ಕೇಳಬಹುದು. ಹಿಂದಿನ ಎರಡು ವಾರವೂ ಇವರ ತೀರ್ಪುಗಳು ತಿರುವುಮುರುವಾಗಿದ್ದವು. ಮನೆಗೆ ಬಂದು ಏನೂ ಹೇಳದೆ ಟೋಪಿ ತೂಗುಹಾಕಿ, ಕತ್ತಲಾಗುವವರೆಗೆ ಬಾಲ್ಕನಿಯಲ್ಲಿ ಕೂತಿದ್ದರು. ಜೊತೆಯ ಅಂಪೈರು ಫೋನ್ ಮಾಡಿ ನನ್ನ ಹತ್ತಿರ ಹೇಳದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ.

ಅದಕ್ಕೇ ಈ ಸಲ ಊಟ ಬಿಸಿಯಾಗಿ ತರುತ್ತೇನೆ ಅಂತ ನೆಪ ಹೇಳಿ ಹಿಂದೆಯೇ ಹೋದೆ. ಮೈದಾನವೇನು ದೂರವಲ್ಲ. ನಾವಿರುವ ಮಾಧವರಂ ಕಾಲನಿಯಿಂದ ಆಟೋದಲ್ಲಿ ಒಂದಿಷ್ಟು ಹೊತ್ತು, ಅಷ್ಟೇ.

ಅವತ್ತು ಮೆಷಿನ್ನಿನ ಮುಂದೆ ಹೋದ ಮೊದಲನೆಯ ತೀರ್ಪಿನಲ್ಲಿ ಇವರು ಔಟ್ ಕೊಟ್ಟಿದ್ದರು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹೆಣ್ಣುಮಗಳು ಎರಡು ಗುಂಡಿ ಒತ್ತಿ, ಗೆರೆ ನೋಡಿ, ವಾಕಿಟಾಕಿಯಲ್ಲಿ ಮೆತ್ತಗೆ ಹೇಳಿದಳು. ಚೆಂಡು ಸ್ಟಂಪಿನಿಂದ ಹೊರಗೇ ಹೋಗುತ್ತಿತ್ತು. ತೋಪ್ಪುಕರಣದ ಕೂಗು ಬಿದ್ದದ್ದು ಆಗ.

ಆಮೇಲೆ ನಾನು ಆಟ ನೋಡುವುದನ್ನು ಬಿಟ್ಟೆ. ಇವರನ್ನೇ ನೋಡತೊಡಗಿದೆ.

ಮೈಸೂರಿನ ಕಾನ್ವೆಂಟಿನಲ್ಲಿ ನಾನು ಯಾವ ಆಟದಲ್ಲೂ ಮುಂದಿರಲಿಲ್ಲ. ಥ್ರೋಬಾಲಿನ ಗೆರೆಯ ಹತ್ತಿರ ಸಿಸ್ಟರ್ ನನ್ನನ್ನು ನಿಲ್ಲಿಸುತ್ತಿದ್ದರು, ಚೆಂಡು ಒಳಗೋ ಹೊರಗೋ ಹೇಳಲು. ತಲೆ ಅಲ್ಲಾಡಿಸಬೇಡ, ಕಣ್ಣು ಮಾತ್ರ ಓಡಲಿ ಅನ್ನುತ್ತಿದ್ದರು. ಅದು ನೆನಪಿಗೆ ಬಂದದ್ದು ಇವರ ತಲೆ ಅಲ್ಲಾಡುತ್ತಿದ್ದುದನ್ನು ಕಂಡು. ಬೌಲರು ಓಡಿ ಬರುವಾಗ ಅವನ ಕಾಲು ಗೆರೆ ದಾಟಿತೇ ಎಂದು ಅಂಪೈರು ಮೊದಲು ಕೆಳಗೆ ನೋಡಬೇಕು, ಮರುಕ್ಷಣವೇ ಚೆಂಡಿನ ಕಡೆ. ಇವರು ಕೆಳಗೆ ನೋಡುವಾಗ ಗದ್ದವನ್ನು ಎದೆಗೆ ಒತ್ತುತ್ತಿದ್ದರು. ಆಮೇಲೆ ಇಡೀ ಮುಖವನ್ನು ಎತ್ತುತ್ತಿದ್ದರು. ಮುಖ ಏಳುವ ಹೊತ್ತಿಗೆ ಚೆಂಡು ಅರ್ಧ ದಾರಿ ದಾಟಿರುತ್ತಿತ್ತು.

ಆ ಗದ್ದ ಒತ್ತುವುದನ್ನು ನಾನು ಎಲ್ಲೋ ನೋಡಿದ್ದೆ. ನಮ್ಮ ಮನೆಯ ಮೆಟ್ಟಿಲ ಮೇಲೆ. ಒಂದು ತಿಂಗಳಿಂದ ಇಳಿಯುವಾಗ ಕತ್ತು ಬಗ್ಗಿಸಿ, ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡವಿ ಇಳಿಯುತ್ತಿದ್ದರು. ವಯಸ್ಸಾಯಿತು ಅಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿದ್ದರು.

ಆ ತಿಂಗಳೇ ಮಗಳು ಅಪ್ಪನ ಅರವತ್ತಕ್ಕೆಂದು ಚಿನ್ನದ ಬಣ್ಣದ ಚೌಕಟ್ಟಿನ ಹೊಸ ಕನ್ನಡಕ ಮಾಡಿಸಿಕೊಟ್ಟದ್ದು. ಪ್ರೋಗ್ರೆಸಿವ್ ಅಂತೆ. ಒಂದೇ ಗಾಜಿನಲ್ಲಿ ಮೇಲಿನ ಭಾಗ ದೂರಕ್ಕೆ, ಕೆಳಗಿನ ಅರ್ಧ ಓದುವುದಕ್ಕೆ; ಅದರಲ್ಲಿ ದೂರದ್ದೆಲ್ಲ ಮಸುಕು. ಹಳೆಯದು ಬರೀ ದೂರದ್ದು. ಓದಲು ಬೇರೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಸದಾ ಹುಡುಕಾಡುತ್ತಿದ್ದರು. ಇನ್ನು ಆ ತಾಪತ್ರಯ ಇಲ್ಲ ಅಂತ ಹೊಸದನ್ನು ಎಲ್ಲರಿಗೂ ತೋರಿಸಿದ್ದರು.

ಎರಡನೆಯ ತೀರ್ಪು ಊಟಕ್ಕೆ ಸ್ವಲ್ಪ ಮೊದಲು ತಿರುಗಿತು. ಈ ಸಲ ನಾಟೌಟ್ ಅಂದದ್ದು ಔಟಾಯಿತು. ಮತ್ತೆ ಎರಡು ಕೈ ಎದೆಯ ಮೇಲೆ. ಈ ಸಲ ಯಾರೂ ಕೂಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಊಟದ ಡಬ್ಬಿಯನ್ನು ಜೊತೆಯ ಅಂಪೈರಿನ ಚೀಲದ ಪಕ್ಕ ಇಟ್ಟು ನಾನು ರಸ್ತೆಗೆ ಓಡಿದೆ.

ಮನೆಯ ದಾರಿಯಲ್ಲಿ ಹಾಲಿನ ಡೇರಿಯ ಗೇಟಿನ ಮುಂದೆ ಹಾಲಿನ ಟ್ಯಾಂಕರುಗಳು ಸಾಲಾಗಿ ಅಡ್ಡ ನಿಂತಿದ್ದವು. ಆಟೋದವನು ಎಂಜಿನ್ ಆರಿಸಿ ಫೋನ್ ನೋಡತೊಡಗಿದ. ಊಟದ ಬಿಡುವು ಮುಗಿಯುವುದರೊಳಗೆ ಮನೆಗೆ ಹೋಗಿ ಬರಬೇಕಪ್ಪಾ ಎಂದು ನನಗೆ ಬರುವ ತಮಿಳಿನಲ್ಲಿ ಬೇಡಿಕೊಂಡೆ. ಯಾರಿಗೆ ಊಟ ಅಂತ ಕೇಳಿದ. ಅಂಪೈರಿಗೆ ಅಂದೆ. ಅವನು ನನ್ನ ಖಾಲಿ ಕೈ ನೋಡಿ ಮತ್ತೆ ಎಂಜಿನ್ ಶುರುಮಾಡಿದ. ಕೊನೆಗೆ ಒಂದು ಸಂದಿಯಲ್ಲಿ ನುಗ್ಗಿಸಿದ.

ಹಳೆಯ ಕನ್ನಡಕ ಟೀವಿಯ ಕೆಳಗಿನ ಡ್ರಾಯರಿನಲ್ಲಿ, ಮುಗಿದ ಬ್ಯಾಟರಿ ಸೆಲ್ಲುಗಳು, ಕುಂಕುಮದ ಪೊಟ್ಟಣಗಳ ನಡುವೆ ಸಿಕ್ಕಿತು. ದಪ್ಪ ಕಪ್ಪು ಚೌಕಟ್ಟು. ಒಂದು ಕಡ್ಡಿಯ ಸ್ಕ್ರೂ ಬಿದ್ದುಹೋಗಿ ಕಡ್ಡಿ ಕೈಗೇ ಬಂತು. ಆಟೋ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಕಪ್ಪು ದಾರ ತೆಗೆದು ಆ ತೂತಿನಲ್ಲಿ ಪೋಣಿಸಿ, ಹಲ್ಲಲ್ಲಿ ಎಳೆದು ಗಂಟು ಹಾಕಿದೆ. ಸೀರೆಯ ಸೆರಗಿನಲ್ಲಿ ಗಾಜು ಒರೆಸಿದ್ದು ಮತ್ತೆ ಆಟೋದಲ್ಲಿ ಕೂತ ಮೇಲೆ.

ಮೈದಾನದಲ್ಲಿ ಇವರು ಕಟ್ಟೆಯ ಮೇಲೆ ಒಬ್ಬರೇ ಕೂತು ಮೊಸರನ್ನ ಕಲಸುತ್ತಿದ್ದರು, ತಿನ್ನುತ್ತಿರಲಿಲ್ಲ. ಕನ್ನಡಕವನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟೆ.

"ಇದು ಯಾಕೆ ತಂದೆ?"

"ಹಾಕ್ಕೊಂಡು ನಿಂತ್ಕೊಳ್ಳಿ ಅಂತ."

"ಕಣ್ಣು ಹೋಯ್ತು ಅಂದ್ರೆ ಹೋಯ್ತು. ಪಾಪ, ಮಗಳು ಕೊಡಿಸಿದ ಕನ್ನಡಕದ ಮೇಲೆ ತಪ್ಪು ಯಾಕೆ ಹಾಕ್ತೀಯ?"

"ಮೆಟ್ಟಿಲಿಳಿಯುವಾಗ ಕತ್ತು ಯಾಕ್ರೀ ಬಗ್ಗಿಸ್ತೀರಿ?"

"ಮೆಟ್ಟಿಲು ಮಸಕು ಮಸಕಾಗಿ ಕಾಣತ್ತೆ. ಅದಕ್ಕೆ."

"ಬೌಲರ್ ಕಾಲ ಹತ್ತಿರದ ಗೆರೆ?"

ಕಲಸುತ್ತಿದ್ದ ಕೈ ನಿಂತಿತು. ನನ್ನನ್ನು ನೋಡಲಿಲ್ಲ. ಪಿಚ್ಚಿನ ಕಡೆ ನೋಡಿದರು, ಗದ್ದ ಒತ್ತಿ ಒಮ್ಮೆ, ಒತ್ತದೆ ಒಮ್ಮೆ. ಅಷ್ಟರಲ್ಲಿ ಜೊತೆಯ ಅಂಪೈರು, ಆಟಗಾರರು ಎದ್ದರು ಸಾರ್ ಎಂದು ಕರೆದರು. ಇವರು ಕೈ ತೊಳೆದು, ಎರಡೂ ಕನ್ನಡಕ ತೆಗೆದುಕೊಂಡು ಹೊರಟುಹೋದರು.

ನಾನು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. ಬೆಳಿಗ್ಗೆ ಟೋಪಿಯ ಕೆಳಗೆ ಚಿನ್ನದ ಚೌಕಟ್ಟು ಆಗಾಗ ಫಳಕ್ಕೆನ್ನುತ್ತಿತ್ತು. ಈಗ ಏನೂ ಹೊಳೆಯಲಿಲ್ಲ.

ಎರಡನೆಯ ತಂಡದ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಕೂಗು. ಇವರು ಬೆರಳೆತ್ತಿದರು. ಬ್ಯಾಟ್ಸ್‌ಮನ್ ಲ್ಯಾಪ್‌ಟಾಪಿನ ಕಡೆ ಒಂದು ಸಲ ನೋಡಿ, ಏನೂ ಕೇಳದೆ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಟ್ಟ. ಆದರೂ ನನಗೆ ನೆಮ್ಮದಿಯಾಗಲಿಲ್ಲ. ಇವರ ಮುಖದ ಮೇಲೆ ನಾನು ದಾರ ಕಟ್ಟಿದ ಕನ್ನಡಕ ಇತ್ತು. ಇನ್ನು ತಪ್ಪಾದರೆ ಹೊಸ ಕನ್ನಡಕದ ಮೇಲೆ ಹೊರಿಸಲು ಏನೂ ಉಳಿಯುವುದಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗಲೇ.

ಸಂಜೆಯ ಹೊತ್ತಿಗೆ ಕೊನೆಯ ಜೋಡಿ ಉಳಿದಿತ್ತು. ಗೆಲ್ಲಲು ಬೇಕಾದ ರನ್ನು ಬೆರಳಲ್ಲಿ ಎಣಿಸುವಷ್ಟು. ಕೂತಿದ್ದವರೆಲ್ಲ ಎದ್ದು ಗೆರೆಯ ಹತ್ತಿರ ಬಂದಿದ್ದರು. ವೇಗದ ಬೌಲರು ಓಡಿ ಬಂದ. ಚೆಂಡು ಕಾಲಿಗೆ ಬಡಿದ ಸದ್ದು ಕೇಳಿಸಿತು. ಹನ್ನೊಂದು ಜನವೂ ಒಟ್ಟಿಗೆ ತಿರುಗಿ ಕೂಗಿದರು.

ಇವರು ಅಲ್ಲಾಡಲಿಲ್ಲ. ಆಮೇಲೆ ಇಲ್ಲ ಅಂತ ತಲೆ ಆಡಿಸಿದರು. ನಾಯಕ ಕೂಡಲೇ ಕೈಯಿಂದ ಸನ್ನೆ ಮಾಡಿ ಮೆಷಿನ್ ಕೇಳಿದ.

ನಾನು ಲ್ಯಾಪ್‌ಟಾಪಿನ ಹಿಂದೆಯೇ ಇದ್ದೆ. ಆ ಹೆಣ್ಣುಮಗಳು ಗೆರೆ ಎಳೆಸಿದಳು. ಬಿದ್ದ ಜಾಗಕ್ಕೆ ಕೆಂಪು. ಬಡಿದ ಜಾಗಕ್ಕೆ ಕೆಂಪು. ಸ್ಟಂಪಿಗೂ ಕೆಂಪು. ಮೂರೂ ಕೆಂಪು ಸಾರ್, ಔಟ್ ಎಂದು ವಾಕಿಟಾಕಿಯಲ್ಲಿ ಹೇಳಿದಳು. ಸುತ್ತಲೂ ಚಪ್ಪಾಳೆ ಎದ್ದಿತು. ಬೆಳಿಗ್ಗೆ ಕೂಗಿದವನು ಆಗಲೇ ಎರಡೂ ಕಿವಿ ಹಿಡಿದುಕೊಂಡು ಗೆಳೆಯರನ್ನು ನಗಿಸುತ್ತಿದ್ದ.

ಇವರ ಕೈ ಹೆಗಲಿಗೆ ಏಳಲಿಲ್ಲ. ಜೊತೆಯ ಅಂಪೈರನ್ನು ಕರೆದುಕೊಂಡು ನೇರ ಶಾಮಿಯಾನಕ್ಕೇ ನಡೆದು ಬಂದರು. ಹಿಂದೆ ನಾಯಕ. ನನ್ನಿಂದ ಎರಡು ಕುರ್ಚಿ ಆಚೆ ನಿಂತರು. ಕಿವಿಯ ಹತ್ತಿರ ಗಂಟಿನ ತುದಿ ಬೆವರಿಗೆ ಅಂಟಿಕೊಂಡಿತ್ತು. ದಾರ ಉದ್ದ ಬಿಟ್ಟುಬಿಟ್ಟೆನಲ್ಲ ಅಂದುಕೊಂಡೆ.

ಮಾತೆಲ್ಲ ತಮಿಳಿನಲ್ಲೇ. ಚೆಂಡು ಮೊದಲು ಬ್ಯಾಟಿಗೆ ತಗಲಿದೆ, ಆಮೇಲೆ ಕಾಲಿಗೆ, ಅಂದರು ಇವರು. ಬ್ಯಾಟಿಗೆ ಮೊದಲು ತಗಲಿದರೆ ಔಟಿಲ್ಲ. ಈ ಮೆಷಿನ್ನು ಚೆಂಡನ್ನು ಮಾತ್ರ ನೋಡುತ್ತದೆ, ಬ್ಯಾಟು ಅದಕ್ಕೆ ಗೊತ್ತಾಗುವುದಿಲ್ಲ. ಆ ಹೆಣ್ಣುಮಗಳು ಅದು ನಿಜ ಎಂದು ಒಪ್ಪಿದಳು. ನಿಧಾನವಾಗಿ ವಿಡಿಯೋ ಓಡಿಸಿದಳು. ಬ್ಯಾಟ್ಸ್‌ಮನ್ನಿನ ಮೈ ಅಡ್ಡ ಬಂದು ಏನೂ ಕಾಣಲಿಲ್ಲ. ಇವರು ಶಬ್ದ ಹಾಕಮ್ಮಾ ಅಂದರು. ಗಾಳಿಯ ಗರಗರ, ಬೂಟಿನ ಸದ್ದು, ಆಮೇಲೆ ಟಕ್ ಎಂದು ಒಂದು, ಅದರ ಬೆನ್ನಿಗೇ ಧಪ್ ಎಂದು ಇನ್ನೊಂದು. ಮತ್ತೆ ಹಾಕಿದಳು. ಎರಡು ಸದ್ದು ನನಗೂ ಕೇಳಿಸಿತು. ಆದರೆ ಬ್ಯಾಟು ಕಾಲಿನ ಪ್ಯಾಡಿಗೆ ಬಡಿದರೂ ಹೀಗೇ ಕೇಳುತ್ತದೆ ಸಾರ್, ನಾನು ಹೇಳಲಾರೆ ಅಂದಳು.

ನಾಯಕ ಕೇಳಿಯೇ ಬಿಟ್ಟ. ಬೆಳಿಗ್ಗೆ ಎರಡು ಸಲ ಮೆಷಿನ್ ಸರಿ, ನೀವು ತಪ್ಪು. ಈಗ ಮಾತ್ರ ನೀವು ಸರಿಯಾ ಸಾರ್?

ಇವರು ಕನ್ನಡಕ ಒಮ್ಮೆ ಮೇಲಕ್ಕೆ ತಳ್ಳಿಕೊಂಡರು.

"ಕಾಲೈಲ ನಾನ್ ಪಾಕ್ಕಲೆ. ಇಪ್ಪೋ ಪಾತ್ತೇನ್."

ಬೆಳಿಗ್ಗೆ ನಾನು ನೋಡಿರಲಿಲ್ಲ. ಈಗ ನೋಡಿದೆ ಅಂತ. ಅಷ್ಟು ಹೇಳಿ ತಿರುಗಿ ನಡೆದರು. ನಾಟೌಟ್ ಹಾಗೇ ಉಳಿಯಿತು.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಜವಾಗಿ ನೋಡಿದರೋ? ಇಲ್ಲ, ನಾನು ಓಡಿ ಹೋಗಿ ತಂದ ಕನ್ನಡಕದ ಮಾನ ಉಳಿಸಲು ಹಟ ಹಿಡಿದರೋ? ಬೆಳಿಗ್ಗೆಯಿಂದ ಈ ಮನುಷ್ಯನ ಕತ್ತು, ಗದ್ದ, ಕೈ ಎಲ್ಲವನ್ನೂ ಕಣ್ಣಿಟ್ಟು ನೋಡಿದ್ದ ನಾನು, ಆ ಒಂದು ಚೆಂಡು ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ.

ಮುಂದಿನ ಓವರಿನಲ್ಲಿ ಅದೇ ಬ್ಯಾಟ್ಸ್‌ಮನ್ನಿನ ನಡುವಿನ ಸ್ಟಂಪು ಎಗರಿ ಬಿತ್ತು. ಅದಕ್ಕೆ ಯಾವ ಮೆಷಿನ್ನೂ ಬೇಕಿರಲಿಲ್ಲ. ಗೆದ್ದ ನಾಯಕ ಇವರ ಕೈ ಕುಲುಕಿದ, ಮುಖ ನೋಡದೆ. ಸೋತ ಹುಡುಗ ತನ್ನ ಚೀಲ ತೆಗೆದುಕೊಳ್ಳಲು ನನ್ನ ಪಕ್ಕಕ್ಕೇ ಬಂದು ಬ್ಯಾಟನ್ನು ಕುರ್ಚಿಗೆ ಒರಗಿಸಿದ. ನಾನು ಬಗ್ಗಿ ನೋಡಿದೆ. ಒಳಗಡೆಯ ಅಂಚಿನಲ್ಲಿ ಚೆಂಡಿನ ಕೆಂಪು ಗುರುತಿತ್ತು. ಒಂದಲ್ಲ, ನಾಲ್ಕೈದು. ಯಾವುದು ಯಾವಾಗಿನದೋ. ಕೇಳಬೇಕೆಂದು ಬಾಯಿ ತೆರೆದೆ, ಅವನ ಕಣ್ಣು ತುಂಬಿದ್ದನ್ನು ಕಂಡು ಚೀಲ ಎತ್ತಿಕೊಟ್ಟೆ.

ಆಟೋದಲ್ಲಿ ಮನೆಗೆ ಹೊರಟೆವು. ಟ್ಯಾಂಕರುಗಳ ಸಾಲು ಕರಗಿತ್ತು. ಕಾಲನಿಯ ತಿರುವಿನ ಹತ್ತಿರ ಇವರ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಪ್ರತಿ ಭಾನುವಾರ ಸಂಜೆ ಸಮಿತಿಯಿಂದ ಅಂಪೈರುಗಳಿಗೆಲ್ಲ ಬರುವ ಮೆಸೇಜು. ಇವರು ಫೋನನ್ನು ಕೈ ಚಾಚುವಷ್ಟು ದೂರ ಹಿಡಿದರು, ಇನ್ನಷ್ಟು ದೂರ ಹಿಡಿದರು. ಹಳೆಯ ಕನ್ನಡಕದಲ್ಲಿ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಹೊಸದು ಚೀಲದ ತಳದಲ್ಲೆಲ್ಲೋ ಇತ್ತು.

"ನೀನೇ ಓದು."

ಓದಿದೆ. ಮುಂದಿನ ಭಾನುವಾರ ಯಾರು ಯಾರು ಬರುತ್ತೀರಿ, ಈಗಲೇ ತಿಳಿಸಿ.

"ಏನಂತ ಹಾಕ್ಲಿ?"

ಅವರು ಕನ್ನಡಕ ತೆಗೆದು, ದಾರದ ಗಂಟನ್ನು ಉಗುರಿನಿಂದ ಮೀಟಿ ನೋಡುತ್ತಿದ್ದರು. "ಇದು ಎಷ್ಟು ದಿವಸ ತಡಿಯತ್ತೆ?"

"ನಾಳೆ ಪುರಸೈವಾಕ್ಕಂನ ಕನ್ನಡಕದ ಅಂಗಡಿಗೆ ಹೋಗ್ತೀನಲ್ಲ, ಸ್ಕ್ರೂ ಹಾಕಿಸ್ಕೊಂಡ್ ಬರ್ತೀನಿ."

"ಹಾಗಾದ್ರೆ ಬರ್ತೀನಿ ಅಂತ ಹಾಕು," ಎಂದರು. ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ಇಳಿಯುವಾಗ ನನ್ನ ಕಡೆ ತಿರುಗದೆ ಸೇರಿಸಿದರು: "ತಗಲಿತ್ತು ಕಣೇ. ಬ್ಯಾಟ್ ಆದ ಮೇಲೆ ಚೆಂಡು ಇಷ್ಟೇ ಇಷ್ಟು ತಿರುಗ್ತು." ಎರಡು ಬೆರಳ ನಡುವೆ ಅಕ್ಕಿಕಾಳಿನಷ್ಟು ಜಾಗ ಬಿಟ್ಟು ತೋರಿಸಿದರು. ಮತ್ತೆ ಹಳೆಯ ಕನ್ನಡಕವನ್ನೇ ಏರಿಸಿಕೊಂಡು, ಕತ್ತು ನೆಟ್ಟಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿದರು.