ಆರತಿ ನೀರು ಹರಿದ ದಾರಿ

ಹಿಮವೇ ಬೀಳದ ಊರಿನಲ್ಲಿ ಕೂತು ಹಿಮದ ಎಂಜಲು ತೊಳೆಯುವುದು ನನ್ನ ಕೆಲಸವಾಗಿತ್ತು ಎಂದರೆ ನಮ್ಮ ಕಡೆಯವರು ನಗುತ್ತಾರೆ. ನಗಲಿ, ನಾನೂ ಮೊದಲು ನಕ್ಕವಳೇ.

ಚಳಿ ದೇಶಗಳಲ್ಲಿ ವಿಮಾನ ಹಾರುವ ಮುಂಚೆ, ರೆಕ್ಕೆಯ ಮೇಲೆ ಕೂತ ಮಂಜುಗಡ್ಡೆ ಕರಗಲೆಂದು ಬಿಸಿ ದ್ರವವೊಂದನ್ನು ಎರಚುತ್ತಾರೆ. ಕೆಂಪಿಗೆ ತಿರುಗಿದ ಕಿತ್ತಳೆ ಬಣ್ಣ. ಬೆಲ್ಲದ ಪಾಕ ಹದಕ್ಕೆ ಬರುವಾಗಿನಂಥ ಸಿಹಿ ವಾಸನೆ. ರೆಕ್ಕೆಯಿಂದ ಜಾರಿ ನೆಲಕ್ಕೆ ಬಿದ್ದದ್ದನ್ನು ಬಳಿದು, ಕಬ್ಬಿಣದ ಪಂಜರದೊಳಗಿನ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತುಂಬುತ್ತಾರೆ. ಅಂಥ ತೊಟ್ಟಿಗಳು ಹಡಗಿನಲ್ಲಿ ಬಂದು ಈ ದ್ವೀಪದ ಪಾಸಿರ್ ಪಂಜಾಂಗ್ ಬಂದರಿನಲ್ಲಿ ಇಳಿದು, ಲಾರಿ ಹತ್ತಿ ಕಾಕಿ ಬುಕಿತ್‌ನ ನಮ್ಮ ಪುಟ್ಟ ಫ್ಯಾಕ್ಟರಿಗೆ ಬರುತ್ತಿದ್ದವು. ನಾವು ಅದನ್ನು ಸೋಸಿ, ಕಾಯಿಸಿ, ನೀರು ಹಾರಿಸಿ, ಉಳಿದ ಗ್ಲೈಕಾಲ್ ಎಂಬ ರಾಸಾಯನಿಕವನ್ನು ದೊಡ್ಡ ಕಟ್ಟಡಗಳ ಎಸಿ ಯಂತ್ರಗಳಿಗೆ ಕೊಡುತ್ತಿದ್ದೆವು. ನಾನು ಅಲ್ಲಿ ಕೆಮಿಸ್ಟ್.

ನನ್ನ ಮಗಳು ಮಾತ್ರ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ, ಸ್ನೇಹಿತೆಯರಿಗೆ ಬೇರೆಯೇ ಹೇಳುತ್ತಿದ್ದಳು. "ನಮ್ಮಮ್ಮ ಏರೋಪ್ಲೇನ್ ಸ್ನಾನದ ನೀರು ಕಾಯಿಸ್ತಾರೆ ಲಾ."

ಅವಳು ಆಗ ಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಸೆರಂಗೂನಿನಲ್ಲಿ ನಮ್ಮ ಬಾಡಿಗೆ ಫ್ಲ್ಯಾಟು. ಗಂಡ ಬೆಂಗಳೂರಿನ ಕೆಲಸ ಬಿಟ್ಟು ನನ್ನ ಹಿಂದೆ ಬಂದವರು; ಇಲ್ಲಿ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಇಲ್ಲಿರಲು ಸರ್ಕಾರ ಕೊಟ್ಟ ಅವರ ಪಾಸು, ಮಗಳ ಪಾಸು ಎರಡೂ ನನ್ನ ಕೆಲಸದ ಪಾಸಿಗೆ ಕಟ್ಟಿದ್ದವು. ನನ್ನ ಪಾಸು ಆ ಫ್ಯಾಕ್ಟರಿಗೆ ಕಟ್ಟಿತ್ತು. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು, ಒಂದೇ ಗೂಟಕ್ಕೆ ಕೊಟ್ಟಿಗೆಯ ದನವನ್ನೆಲ್ಲ ಕಟ್ಟಬೇಡ್ರೇ ಅಂತ. ಕೇಳಿದ್ದೆ, ನಿಜ. ಆದರೆ ಇದ್ದದ್ದೇ ಒಂದು ಗೂಟವಾದರೆ ಏನು ಮಾಡುವುದು?

ಆ ವರ್ಷ ಇಲ್ಲಿನ ಪರಿಸರ ಇಲಾಖೆಯವರು ಇಂಥ ದ್ರವ ಮುಟ್ಟುವ ಸಣ್ಣ ಘಟಕಗಳನ್ನೆಲ್ಲ ಹೊಸದಾಗಿ ಪರಿಶೀಲಿಸಲು ಹೊರಟರು. ಅವರು ಕೇಳುತ್ತಿದ್ದದ್ದು ಮುಖ್ಯವಾಗಿ ಒಂದೇ: ನಿಮ್ಮ ನೆಲದ ಮೇಲೆ ಚೆಲ್ಲಿದ್ದು ಹೊರಗಿನ ಮಳೆನೀರಿನ ಚರಂಡಿಗೆ ಹೋಗುತ್ತದೆಯೇ? ಬೇರೆ ಊರಿನಲ್ಲಿ ಚರಂಡಿ ಎಂದರೆ ಚರಂಡಿ. ಈ ಊರಿನಲ್ಲಿ ಮಳೆನೀರಿನ ಚರಂಡಿ ಕೆರೆಗೆ ಹೋಗುತ್ತದೆ, ಕೆರೆಯ ನೀರು ನಲ್ಲಿಗೆ ಬರುತ್ತದೆ. ಗ್ಲೈಕಾಲ್ ನೀರಿಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ, ಮೀನು ಬಾಯಿ ತೆರೆದು ಸಾಯುತ್ತವೆ. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮ ಉತ್ತರವೂ ಒಂದೇ ಆಗಿತ್ತು. ತೊಟ್ಟಿ ಇಳಿಸುವ ನೆಲ ಒಳಕ್ಕೆ ಇಳಿಜಾರಾಗಿದೆ, ಚೆಲ್ಲಿದ್ದು ನಮ್ಮದೇ ಗುಂಡಿಗೆ ಹೋಗುತ್ತದೆ, ಶಟರ್ ಬಾಗಿಲಿಗೆ ಅಡ್ಡವಾಗಿ ಕಾಂಕ್ರೀಟಿನ ದಿಣ್ಣೆಯಿದೆ, ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಹೋಸ್‌ಪೈಪಿನಲ್ಲಿ ನೀರು ಬಿಟ್ಟು ನಾನೇ ನೋಡಿದ್ದೆ. ನೀರು ಮರ್ಯಾದೆಯಾಗಿ ಗುಂಡಿಗೆ ಹೋಗಿತ್ತು.

ಆದರೂ ನೆಮ್ಮದಿ ಇರಲಿಲ್ಲ. ನಮ್ಮ ಸಾಲಿನಲ್ಲೇ ಇದ್ದ ಇನ್ನೊಂದು ಘಟಕ ಅಷ್ಟರಲ್ಲಿ ಮುಚ್ಚಿತ್ತು. ಅದರ ಶಟರಿನ ಮುಂದೆ ಯಾರೋ ಬಿಟ್ಟುಹೋದ ಸೇಫ್ಟಿ ಬೂಟು ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಅದರ ಮುಂದೆ ಹೋಗುವಾಗ ನಾನು ಮುಖ ತಿರುಗಿಸುತ್ತಿದ್ದೆ.

ನಮ್ಮ ಬಾಸು ಮೈಸೂರಿನವರು, ಬಹಳ ವರ್ಷದಿಂದ ಇಲ್ಲಿಯವರೇ ಆದವರು. ದಿನವೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಚೀಲದಲ್ಲಿ ಕಟ್ಟಿಸಿಕೊಂಡು ತಂದ ಕಾಫಿಯನ್ನು ಸ್ಟ್ರಾ ಹಾಕಿ ಹೀರುತ್ತಾ ನಗಿಸುತ್ತಿದ್ದ ಮನುಷ್ಯ. ಆ ತಿಂಗಳಲ್ಲಿ ಅವರ ಬಾಯಲ್ಲಿ ಉಳಿದದ್ದು ಒಂದೇ ವಾಕ್ಯ: "ಏನೂ ಆಗಲ್ಲ ಬಿಡ್ರೀ." ನಾನು ಏನೂ ಕೇಳದೆ ಇದ್ದಾಗಲೂ ಅದನ್ನೇ ಹೇಳುತ್ತಿದ್ದರು.

ಆಗ ನಮ್ಮತ್ತೆ ನಮ್ಮ ಮನೆಯಲ್ಲಿದ್ದರು, ಮೊಮ್ಮಗಳ ಪರೀಕ್ಷೆ ಮುಗಿಯುವವರೆಗೆ ಅಡುಗೆಗೆ ಆಸರೆಯಾಗಲೆಂದು ಬಂದವರು. ಒಂದು ಸಂಜೆ ಊಟಕ್ಕೆ ಕೂತಾಗ ಮಗಳು ಕೇಳಿದಳು.

"ಅಮ್ಮ, ನಿನ್ನ ಪ್ಲಾಂಟ್ ಕ್ಲೋಸ್ ಆದ್ರೆ ನಾನು ಎಕ್ಸಾಮ್ ಬರಿಯೋಕಾಗುತ್ತಾ?"

"ಕ್ಲೋಸ್ ಆಗಲ್ಲ, ಊಟ ಮಾಡು," ಎಂದರು ಇವರು.

"ಪಪ್ಪ, ನಾನು ಕೇಳಿದ್ದು ಅದಲ್ಲ ಲಾ."

ಅತ್ತೆ ಸಾರಿನ ಸೌಟು ಹಿಡಿದು ನಿಂತೇ ಇದ್ದರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಭುಜ ಹಿಡಿದು, "ದೃಷ್ಟಿಯಾಗಿದೆ ಕಣೇ ನಿನಗೆ. ಮನೆಗಲ್ಲ, ಆ ನಿನ್ನ ಕಾರ್ಖಾನೆಗೆ. ಒಂದು ಸಲ ನನ್ನ ಕರ್ಕೊಂಡು ಹೋಗು," ಎಂದರು.

ನಾನು ವಿಜ್ಞಾನ ಓದಿದವಳು. ಇನ್ನೊಂದು ದಿನವಾಗಿದ್ದರೆ, ಅಲ್ಲಿಗೆಲ್ಲ ಬರಬಾರದು ಅತ್ತೆ ಅನ್ನುತ್ತಿದ್ದೆನೋ ಏನೋ. ಬೆಳಗ್ಗೆ ಬಾಸಿಗೆ ಫೋನ್ ಮಾಡಿದೆ. ಅವರೂ ಬೇಡ ಅನ್ನದೆ, "ಕರ್ಕೊಂಡ್ ಬನ್ನಿ. ಇಲಾಖೆಯವರು ಬರೋ ದಿನಾನೇ ಕರ್ಕೊಂಡ್ ಬನ್ನಿ, ಅವರಿಗಿಂತ ಮುಂಚೆ," ಎಂದರು. ಮುಳುಗುವವರಿಗೆ ಹುಲ್ಲುಕಡ್ಡಿಯೇ ದೋಣಿ.

ಪರಿಶೀಲನೆಯ ದಿನ ಬೆಳಗ್ಗೆ ಅತ್ತೆಯೂ ನಾನೂ ಬಸ್ಸಿನಲ್ಲಿ ಹೋದೆವು. ಅವರ ಮಡಿಲಲ್ಲಿ ಹರಿವಾಣ, ಅದರ ಮೇಲೆ ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಅರಿಶಿನ, ಕುಂಕುಮ, ಎಲೆಅಡಿಕೆಯ ಸುಣ್ಣ, ಬತ್ತಿ, ನಾಲ್ಕಾರು ನಿಂಬೆಹಣ್ಣು. ಫ್ಯಾಕ್ಟರಿಗೆ ಬಂದವರೇ ಕಾಂಕ್ರೀಟಿನ ದಿಣ್ಣೆಯನ್ನು ನೋಡಿ, "ಪರವಾಗಿಲ್ಲ, ಹೊಸಿಲು ಗಟ್ಟಿಯಾಗಿ ಕಟ್ಟಿದೀರ," ಎಂದು ಅದಕ್ಕೆ ಕುಂಕುಮವಿಟ್ಟರು. ಫೋರ್ಕ್‌ಲಿಫ್ಟಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹರಿವಾಣದ ನೀರಿಗೆ ಅರಿಶಿನ ಸುಣ್ಣ ಕದಡಿದರು, ನೀರು ರಕ್ತದಂತೆ ಕೆಂಪಗಾಯಿತು. ಕಾಯಿಸುವ ಯಂತ್ರಕ್ಕೆ, ತೊಟ್ಟಿಗಳಿಗೆ, ಬಾಸಿಗೆ, ನನಗೆ, ಎಲ್ಲರಿಗೂ ಸೇರಿಸಿ ಆರತಿ ಎತ್ತಿದರು. ಬಾಸು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಅವರ ಕಣ್ಣು ತುಂಬಿದ್ದು ನಾನು ನೋಡಿದೆ, ನೋಡದವಳಂತೆ ನಿಂತೆ.

ನಮ್ಮಲ್ಲಿ ಆರತಿ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ. ಇಳಿಸಿದ ದೃಷ್ಟಿಯೆಲ್ಲ ಅದರಲ್ಲಿರುತ್ತದೆ, ಯಾರೂ ತುಳಿಯಬಾರದು. ನಾನು ಬಟ್ಟೆ ಬದಲಿಸಲು ಒಳಗೆ ಹೋಗಿದ್ದಾಗ ಅತ್ತೆ ಒಬ್ಬರೇ ಆ ಕೆಲಸ ಮುಗಿಸಿ, ಖಾಲಿ ಹರಿವಾಣ ತೊಳೆದು, ಸ್ಟೂಲಿನ ಮೇಲೆ ಕೂತಿದ್ದರು.

ಅಧಿಕಾರಿಗಳು ಇಬ್ಬರು ಬಂದರು. ಒಬ್ಬಳು ಚಿಕ್ಕ ವಯಸ್ಸಿನ ಚೀನಿ ಹುಡುಗಿ, ಮಾತೆಲ್ಲ ಅವಳದೇ. ಜೊತೆಗಿದ್ದ ಹಿರಿಯರು ಸುಮ್ಮನೆ ನೋಡುವವರು. ಇಬ್ಬರೂ ನೇರ ಒಳಗೆ ಬರಲಿಲ್ಲ. ಮೊದಲು ಹೊರಗಿನ ಚರಂಡಿಯ ಕಬ್ಬಿಣದ ಜಾಲರಿ ಎತ್ತಿಸಿ, ಬಗ್ಗಿ ನೋಡಿದರು.

ಚರಂಡಿಯ ಗೋಡೆಯ ಮೇಲೆ, ನಮ್ಮ ಕಟ್ಟಡದ ಕಡೆಯಿಂದ, ಕೆಂಪಗೆ ಒಂದು ಗೆರೆ ಇಳಿದಿತ್ತು. ಇನ್ನೂ ಹಸಿ.

"ಇದೇನು?" ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

ಬಾಸಿನ ಮುಖ ಬಿಳಿಚಿಕೊಂಡಿತು. ನಮ್ಮ ದ್ರವವೂ ಅದೇ ಬಣ್ಣದ್ದು. ಅವಳು ಆಗಲೇ ಸೀಸೆ ತೆಗೆದು ಆ ಗೆರೆಯ ಕೆಳಗೆ ಹಿಡಿದಿದ್ದಳು. ಹಿರಿಯರು ಫೋನು ಕಿವಿಗಿಟ್ಟುಕೊಂಡರು. ಆ ಸೀಸೆ ಹಾಗೇ ಲ್ಯಾಬಿಗೆ ಹೋದರೆ ಉತ್ತರ ಬರುವವರೆಗೆ ನಮಗೆ ಬೀಗ ಎಂದು ನನಗೆ ಗೊತ್ತಿತ್ತು. ಆಗ ತಿರುಗಿ ನೋಡಿದರೆ, ಶಟರಿನೊಳಗೆ ಸ್ಟೂಲಿನ ಮೇಲೆ ಅತ್ತೆ, ತೊಡೆಯ ಮೇಲೆ ಹರಿವಾಣ. ತಟ್ಟನೆ ಹೊಳೆಯಿತು.

"ಇದು ನಮ್ಮ ದ್ರವ ಅಲ್ಲ!" ಎಂದು ನಾನು ಕೂಗಿದೆ. "ಅರಿಶಿನ, ಸುಣ್ಣ! ಒಂದು ನಿಮಿಷ ತಾಳಿ, ತೋರಿಸುತ್ತೇನೆ."

ಓಡಿಹೋಗಿ ಫೋರ್ಕ್‌ಲಿಫ್ಟಿನ ಚಕ್ರದ ಕೆಳಗಿನ ನಿಂಬೆಹಣ್ಣು ಎತ್ತಿಕೊಂಡೆ. "ಏಯ್, ಅದನ್ಯಾಕೆ ತೆಗೀತೀಯೇ? ಗಾಡಿ ಹತ್ತಬೇಕು ಅದರ ಮೇಲೆ!" ಎಂದು ಅತ್ತೆ ಗದರಿದರು. ನಾನು ಕೇಳಲಿಲ್ಲ. ಸೀಸೆಯ ನೀರನ್ನು ಒಂದಿಷ್ಟು ಲೋಟಕ್ಕೆ ಬಗ್ಗಿಸಿಕೊಂಡು ಎಲ್ಲರೆದುರು ನಿಂಬೆರಸ ಹಿಂಡಿದೆ. ಕೆಂಪು ಕರಗಿತು, ನೀರು ಬರಿ ಅರಿಶಿನದ ಹಳದಿಯಾಯಿತು. ಸುಣ್ಣ ಬಿದ್ದರೆ ಅರಿಶಿನ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ; ಅಡುಗೆ ಮಾಡಿದವರಿಗೆಲ್ಲ ಗೊತ್ತಿರುವುದೇ. ನಮ್ಮ ದ್ರವಕ್ಕೆ ಇಡೀ ಹಣ್ಣು ಹಿಂಡಿದರೂ ಹಾಗೆ ಆಗುವುದಿಲ್ಲವೆಂದು ಅದನ್ನೂ ತಂದು ಹಿಂಡಿ ತೋರಿಸಿದೆ.

ಅಧಿಕಾರಿ ಹುಡುಗಿ ನಕ್ಕುಬಿಟ್ಟಳು. ಅವಳ ಅಜ್ಜಿಯೂ ಹೀಗೆಯೇ, ಯಾವಾಗಲೂ ಬಾಗಿಲಲ್ಲಿ ಏನಾದರೂ ಸುಡುತ್ತಿರುತ್ತಾರೆ ಎಂದಳು. ಹಿರಿಯರು ಫೋನು ಜೇಬಿಗಿಟ್ಟರು. ಬಾಸು ಗೋಡೆಗೊರಗಿ, "ಅಮ್ಮಾ, ಜೀವ ಹೋಗಿ ಬಂತು ಕಣಮ್ಮಾ," ಎಂದು ಅತ್ತೆಗೆ ಕೈ ಮುಗಿದರು.

ಆಮೇಲೆ ಆ ಹುಡುಗಿ, ಇನ್ನೂ ನಗುಮುಖದಲ್ಲೇ, ಕೇಳಿದಳು: "ಆಂಟಿ ಇದನ್ನು ಎಲ್ಲಿ ಸುರಿದರು?"

ಅತ್ತೆಗೆ ಇಂಗ್ಲಿಷ್ ಬಾರದು. ಅವರು ನನ್ನ ಮುಖ ನೋಡಿದರು. ನನಗೆ ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಅರ್ಥವಾಗುವಷ್ಟರಲ್ಲಿ ಬಾಸು ಕನ್ನಡದಲ್ಲಿ, ಮುಖದ ನಗು ಕೆಡಿಸದೆ ಹೇಳಿದರು.

"ರೋಡಲ್ಲಿ ಅಂತ ಹೇಳಿ. ದಿಣ್ಣೆ ಆಚೆ, ರೋಡಲ್ಲಿ."

"ನಾನ್ಯಾಕಪ್ಪ ರೋಡಲ್ಲಿ ಸುರೀಲಿ?" ಎಂದು ಅತ್ತೆ ಸಿಡುಕಿದರು. "ಓಡಾಡೋ ಜನ ತುಳಿಯಲ್ವಾ? ಅಷ್ಟೂ ತಿಳೀದೆ ಇಷ್ಟು ವರ್ಷ ಆರತಿ ಎತ್ತಿದೀನಾ?"

ಹಾಗೆಂದು ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೂ ಕರೆಯದೆ ಮುಂದೆ ಹೋದರು. ತೊಟ್ಟಿ ಇಳಿಸುವ ನೆಲದ ಕೊನೆಯಲ್ಲಿ, ಕಂಬ ಗೋಡೆ ಸೇರುವ ಮೂಲೆ. ಅಲ್ಲಿಗೆ ಫೋರ್ಕ್‌ಲಿಫ್ಟ್ ತಿರುಗುವುದಿಲ್ಲ, ಯಾರೂ ನಿಲ್ಲುವುದಿಲ್ಲ, ಹೋಸ್‌ಪೈಪಿನ ನೀರೂ ಅಲ್ಲಿಗೆ ತಲುಪಿರಲಿಲ್ಲ. ಯಾರ ಕಾಲೂ ಬೀಳದ ಜಾಗವನ್ನು ಅವರು ಹುಡುಕಿ ತೆಗೆದಿದ್ದರು. "ಇಲ್ಲಿ," ಎಂದು ಬೆರಳು ತೋರಿಸಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಹುಡುಗಿಯ ನಗು ಮಾಯವಾಯಿತು. ಅವಳು ಮೊಣಕಾಲೂರಿ ಬೆರಳಿನಿಂದ ಮೂಲೆ ತಡವಿದಳು. ಆಮೇಲೆ ಬಹಳ ಮೆತ್ತಗೆ, ನನ್ನನ್ನು ನೋಡಿ ಹೇಳಿದಳು: ಏನು ಸುರಿದಿರಿ ಎನ್ನುವುದು ಈಗ ಮುಖ್ಯವಲ್ಲ. ಸುರಿದದ್ದು ಹೊರಗೆ ಹೇಗೆ ಹೋಯಿತು? ಇನ್ನೊಂದು ಸಲ ಸುರಿದು ತೋರಿಸಲು ಆಗುತ್ತದೆಯೇ?

ನಾನು ಅತ್ತೆಗೆ ಹೇಳಿದೆ. "ಆರತಿಗೆ ಎರಡನೇ ಸಲ ಉಂಟಾ?" ಎಂದರು. "ಬರೀ ನೀರು ಅಂದ್ಕೊಳ್ಳಿ ಅತ್ತೆ," ಎಂದೆ. ನನ್ನ ದನಿ ಕೇಳಿ ಅವರು ಡಬ್ಬಿ ತೆರೆದರು. ಉಳಿದ ಅರಿಶಿನ ಸುಣ್ಣವನ್ನೆಲ್ಲ ಬಕೆಟ್ ನೀರಿಗೆ ಕದಡಿ ಕೊಟ್ಟರು. ಬಾಸು ಮೂಲೆಗೆ ಸುರಿದರು. ನಾವೆಲ್ಲ ಹೊರಗೆ ಹೋಗಿ ಚರಂಡಿಯ ಸುತ್ತ ಬಗ್ಗಿ ನಿಂತೆವು.

ಬರಬಾರದು, ಬರಬಾರದು ಎಂದು ನಾನು ಯಾವ ದೇವರನ್ನು ಬೇಡಿದೆನೋ ತಿಳಿಯದು. ಮಗಳ ಸ್ಕೂಲ್ ಬ್ಯಾಗು, ಇವರು ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿಟ್ಟ ಶರಟು ಕಣ್ಣ ಮುಂದೆ ಬಂದವು. ಚರಂಡಿಯ ಗೋಡೆ ಒಣಗಿಯೇ ಇತ್ತು. ಎಲ್ಲೋ ಲಾರಿ ಹಿಂದಕ್ಕೆ ಬರುವ ಸದ್ದು. ಹಿರಿಯ ಅಧಿಕಾರಿ ಒಮ್ಮೆ ಕೆಮ್ಮಿದರು. ಬರಲಿಲ್ಲ ಎಂದುಕೊಂಡೆ. ಬಾಸು ತಲೆ ಎತ್ತುವುದರಲ್ಲಿದ್ದರು.

ಬಂತು. ದಾರದ ಎಳೆಯಷ್ಟು ಸಣ್ಣಗೆ, ಇಟ್ಟಿಗೆಯ ಸಂದಿನಿಂದ ಇಣುಕಿ, ಒಂದು ಕ್ಷಣ ತಡೆದು, ಕೆಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು ಎಳೆ. ಆಮೇಲೆ ಧಾರಾಳವಾಗಿ ಬಂತು.

ಯಾರೂ ಬೈಯಲಿಲ್ಲ, ಅದೇ ಕಷ್ಟವಾದದ್ದು. ಹುಡುಗಿ ಫೋಟೋ ತೆಗೆದುಕೊಂಡಳು. ಹಿಂದೆ ಎಂದಾದರೂ ತೊಟ್ಟಿ ಇಳಿಸುವಾಗ ಆ ಕಡೆ ಚೆಲ್ಲಿತ್ತೇ ಎಂದು ಕೇಳಿದಳು. ನಮಗೆ ಗೊತ್ತಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಅಂದಿನಿಂದ ಹೊಸ ತೊಟ್ಟಿ ಇಳಿಸುವಂತಿಲ್ಲ, ನೆಲ ಒಡೆದು ಹೊಸದಾಗಿ ಕಟ್ಟುವವರೆಗೆ ಅನುಮತಿಯಿಲ್ಲ ಎಂದಾಯಿತು. ಕಟ್ಟಡದ ಮಾಲೀಕರು ನೆಲ ಒಡೆಯಲು ಒಪ್ಪಲಿಲ್ಲ, ಕಂಬದ ಪಕ್ಕವಂತೆ, ಮೇಲೆ ಅಷ್ಟು ಮಹಡಿಗಳಿವೆಯಂತೆ. ಬಾಸು ಅವರ ಬಾಗಿಲಿಗೆ ಅಲೆದು ಅಲೆದು ಸೋತರು. ಉಳಿದ ತೊಟ್ಟಿಗಳನ್ನು ಬೇರೆಯವರ ಲಾರಿಗಳು ಒಯ್ದವು. ಕೊನೆಗೆ ಒಂದು ಮಧ್ಯಾಹ್ನ ಬಾಸು ಸ್ಟೂಲನ್ನೂ ಒಳಗಿಟ್ಟು ಶಟರ್ ಎಳೆದು, "ಏನೂ ಆಗಲ್ಲ ಅಂದಿದ್ದೆ ಅಲ್ವಾ ನಾನು," ಎಂದರು. ನಗಲು ಹೋಗಿ ಆಗಲಿಲ್ಲ.

ಪರಿಶೀಲನೆಯ ದಿನ ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಕೇಳಿದ್ದರು, "ನೀರು ಬಂತಲ್ಲ ಕಣೇ, ಎಲ್ಲರೂ ಕಾಯ್ತಾ ಇದ್ರಲ್ಲ. ಒಳ್ಳೇದೇ ಆಯ್ತಾ?" ನಾನು ಹೂಂ ಎಂದೆ. ಅವರು ಖಾಲಿ ಡಬ್ಬಿ ತಟ್ಟುತ್ತಾ, ಸದ್ಯ, ಎಂದುಕೊಂಡರು. ಅವರಿಗೆ ನಿಜ ಹೇಳಿದ್ದು ನನ್ನ ಗಂಡ, ಬಹಳ ದಿನ ಕಳೆದ ಮೇಲೆ. ಅಂದಿನಿಂದ ಅತ್ತೆ ನನ್ನ ಎದುರು ಕೂತು ಊಟ ಮಾಡುತ್ತಿಲ್ಲ.

ಈಗ ನನ್ನ ಪಾಸು ರದ್ದಾಗಿದೆ. ಬೇರೆ ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರ ಬಂದಿಲ್ಲ, ಇರಲು ಕೊಟ್ಟ ಅವಧಿ ಮುಗಿಯುತ್ತಾ ಬಂದಿದೆ. ಪರೀಕ್ಷೆಗೆ ಮುಂಚೆಯೇ ಹೊರಡಬೇಕು. ಮಗಳು ಪುಸ್ತಕಗಳನ್ನು ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿಗೆ ಒಯ್ದು ಸ್ನೇಹಿತೆಯರಿಗೆ ಹಂಚಿ ಬಂದಳು. ಅಳಲಿಲ್ಲ. "ಇಟ್ಸ್ ಓಕೆ ಲಾ ಅಮ್ಮ," ಎಂದಳು, ನಾನು ಕೇಳುವುದಕ್ಕೂ ಮುಂಚೆ.

ಇವತ್ತು ಬೆಳಗ್ಗೆ ಸೂಟ್‌ಕೇಸುಗಳಿಗೆ ಕುಂಕುಮ ಹಚ್ಚಿ, ಪ್ರಯಾಣಕ್ಕೆ ಮುಂಚೆ ಮೊಮ್ಮಗಳಿಗೊಂದು ಆರತಿ ಎತ್ತುತ್ತೇನೆ ಎಂದು ಅತ್ತೆ ಹಟ ಹಿಡಿದರು. ಎತ್ತಿದರು. ಆಮೇಲೆ ಹರಿವಾಣ ಹಿಡಿದು ಬಾಗಿಲಿನವರೆಗೆ ಹೋದರು. ಕಾರಿಡಾರಿನ ಉದ್ದಕ್ಕೂ ಸಣ್ಣ ಚರಂಡಿ. ಅದನ್ನು ನೋಡಿದರು, ಬಚ್ಚಲ ಕಡೆ ನೋಡಿದರು, ತಿರುಗಿ ನನ್ನನ್ನು ನೋಡಿದರು. ಕೆಂಪು ನೀರು ಅಂಚಿನವರೆಗೆ ಬಂದು ಬಂದು ಹೋಗುತ್ತಿತ್ತು.

"ನೀನೇ ಹೇಳೇ," ಎಂದರು. "ಎಲ್ಲಿ ಸುರೀಲಿ?"