ಇನ್ನೊಂದು ಕಾವು

ಐವತ್ತರ ದಶಕದಲ್ಲಿ, ಹೆಗ್ಗಡದೇವನಕೋಟೆಯ ಹತ್ತಿರ, ನಮ್ಮ ಪಕ್ಕದ ಹೊಲದವರು ಆಡು ಸಾಕಿಕೊಂಡಿದ್ದರು. ಸಾಲದ್ದಕ್ಕೆ ಹಟ್ಟಿಯ ಹಿಂದೆ ಕುಲುಮೆ ಹೂಡಿ, ಯಾರನ್ನೂ ಕೇಳದೆ ಕಮ್ಮಾರಿಕೆ ಕಲಿಯುತ್ತಿದ್ದರು. ಕೂತಲ್ಲಿ ಕೂರದ ಮನುಷ್ಯ. ತಿದಿಯೊತ್ತಿ ಬೆಂಕಿ ಊದುವರು. ಕಬ್ಬಿಣ ಕೆಂಪಾಗುವ ತನಕ ತಡೆಯಲಾರದೆ ಹೊರಗೆಳೆದು ಬಡಿಯುವರು. ಕುಡುಗೋಲು ಸೊಟ್ಟಗಾದರೆ, "ಇನ್ನೊಂದು ಕಾವು ಕೊಟ್ರೆ ಸರೋಯ್ತದೆ ಕಣಪ್ಪ" ಎನ್ನುವರು.

ಒಂದು ಬೆಳಿಗ್ಗೆ ಅವರ ಗಬ್ಬದ ಆಡು ಸೊಪ್ಪಿನಾಸೆಗೆ ಬೇಲಿ ಹಾರಿ, ಕಟ್ಟಿದ ಹಗ್ಗದಲ್ಲೇ ನೇತುಬಿತ್ತು. ಅವರ ಕೂಗು ಕೇಳಿ ಓಡಿದೆ. ನಾನು ಎಷ್ಟು ಎತ್ತಿ ಹಿಡಿದರೂ ಕುತ್ತಿಗೆಯ ಕುಣಿಕೆ ಸಡಿಲಾಗಲಿಲ್ಲ. ಅವರು ತಾವೇ ಬಡಿದ ಕುಡುಗೋಲು ಹಾಕಿ ಎಳೆದರು. ಅದು ಹಗ್ಗ ಕೊಯ್ಯದೆ ತಾನೇ ಬಗ್ಗಿತು. ಇನ್ನೊಂದು ತಂದರು, ಅದೂ ಬಗ್ಗಿತು. ಆಡಿನ ನಾಲಗೆ ಹೊರಬಂದಿತ್ತು. ಕೊನೆಗೆ ಕುಣಿಕೆಯ ಗಂಟಿಗೇ ಬಾಯಿ ಹಾಕಿ, ಹಲ್ಲಿನಲ್ಲಿ ಕಡಿದು ತುಂಡು ಮಾಡಿದರು.

ಆಡು ನೆಲಕ್ಕೆ ಬಿದ್ದು ಏದುಸಿರು ಬಿಡತೊಡಗಿತು.

"ಸಂತೆಯಿಂದ ಒಂದು ಒಳ್ಳೆ ಕುಡ್ಲು ತಂದ್ಬುಡಿ," ಎಂದೆ.

ಅವರು ಬಾಯಿಂದ ನಾರು ಉಗಿದು, ಬಗ್ಗಿದ ಕುಡುಗೋಲನ್ನು ತಿರುಗಿಸಿ ನೋಡಿದರು. "ಇನ್ನೊಂದು ಕಾವು ಕೊಟ್ರೆ..." ಎನ್ನುತ್ತ ಎದ್ದರು. ಆಡಿನ ಏದುಸಿರು ನಿಲ್ಲುವ ಮೊದಲೇ ಅತ್ತ ತಿದಿ ಉಸಿರಾಡತೊಡಗಿತ್ತು.